ಕುರ್ಚಿಯ ಹಿಂಬದಿಯ ಚಿಲಕ

ಮನೆಯಿಂದ,
ಶನಿವಾರ, ತಾರೀಕು ಹದಿನಾಲ್ಕು, ಬೆಳಗ್ಗೆ

ಪ್ರೀತಿಯ ಮಗಳೇ,

ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚಿದರೋ ಇಲ್ಲವೋ ಎಂದು ನಿಮ್ಮಮ್ಮ ದಿನಕ್ಕೆ ನಾಲ್ಕು ಸಲ ನನ್ನನ್ನು ಕೇಳುತ್ತಾಳೆ, ಜೈಲಿನ ಡಾಕ್ಟರು ನಾನೇ ಎನ್ನುವ ಹಾಗೆ. ಬಿಚ್ಚಿದ್ದರೆ ಬೆಚ್ಚಗಿನ ನೀರಿನಲ್ಲಿ ಕೈಯಿಟ್ಟು ಒಂದೊಂದೇ ಬೆರಳನ್ನು ಮಡಚಿ ಬಿಡಿಸು. ಅವಸರ ಬೇಡ. ಹಿಂದೆ ವರ್ಕ್‌ಶಾಪಿನಲ್ಲಿ ನನ್ನ ಎಡಗೈ ಮೇಲೆ ಕಬ್ಬಿಣ ಬಿದ್ದಾಗ ಶರ್ಟಿನ ಗುಂಡಿ ಹಾಕಿಕೊಳ್ಳಲು ಎರಡು ತಿಂಗಳು ಬೇಕಾಯಿತು, ನಿನಗೆ ನೆನಪಿರಲಾರದು, ಆಗ ನೀನು ತೊಟ್ಟಿಲಲ್ಲಿದ್ದೆ. ನಿದ್ದೆ ಬರುತ್ತಿದೆಯೇ? ನಿನ್ನ ಕೋಣೆಯಲ್ಲಿರುವ ಒಬ್ಬಾಕೆಗೆ ಅಕ್ಷರ ಕಲಿಸುತ್ತಿದ್ದೀಯಂತೆ, ವಕೀಲರಮ್ಮ ಹೇಳಿದರು. ಎಲ್ಲಿ ಕೂರಿಸಿದರೂ ನೀನು ಅಲ್ಲೊಂದು ಕ್ಲಾಸು ಶುರು ಮಾಡುತ್ತೀಯ ಬಿಡು. ನಾವು ಚೆನ್ನಾಗಿದ್ದೇವೆ. ನನ್ನ ಮುಂದಿನ ಎರಡು ಹಲ್ಲು ಹೋಗಿವೆ, ಗಾಬರಿಯಾಗಬೇಡ, ಹೇಗೆ ಹೋದವು ಎಂದು ಮುಂದೆ ಬರೆಯುತ್ತೇನೆ. ಈಗ ಮಾತಾಡಿದರೆ ನಡುನಡುವೆ ಸೀಟಿ ಬರುತ್ತದೆ. ನಿಮ್ಮಮ್ಮ ನನ್ನನ್ನು ಕುಕ್ಕರ್ ಎಂದು ಕರೆಯುತ್ತಾಳೆ. ನಿನಗಿಂತ ಮೊದಲು ಈ ಪತ್ರವನ್ನು ಓದುವ ಜೈಲಿನ ಅಧಿಕಾರಿಗಳಿಗೂ ನನ್ನ ನಮಸ್ಕಾರ. ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತವನ ಬರವಣಿಗೆ ಸ್ವಾಮಿ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ನಿಮ್ಮಮ್ಮನ ಪ್ರತಾಪ ಮೊದಲು ಹೇಳಿಬಿಡುತ್ತೇನೆ. ನೀನು ಒಳಗೆ ಹೋದ ಆರನೇ ದಿನಕ್ಕೆ ನಿನ್ನ ಶಾಲೆಯ ಗುಮಾಸ್ತ ಒಂದು ಕಾಗದ ಹಿಡಿದು ಬಂದ. ನೀನು ತಪ್ಪೊಪ್ಪಿಗೆ ಬರೆದುಕೊಡಬೇಕು, "ಮಾನಸಿಕ ಒತ್ತಡದಿಂದ ವಿವೇಚನೆ ಕಳೆದುಕೊಂಡೆ" ಎಂಬ ಸಾಲು ಅದರಲ್ಲಿರಬೇಕು, ನಾವು ನಿನ್ನನ್ನು ಒಪ್ಪಿಸಬೇಕು ಎಂದ. ನಿಮ್ಮಮ್ಮ ಒಲೆಯ ಮೇಲಿದ್ದ ಕೆಟಲ್ ಎತ್ತಿಕೊಂಡು ಬಂದಳು. ಟೀ ಕೊಡುತ್ತಾಳೆ ಎಂದುಕೊಂಡು ಅವನು ನೆಟ್ಟಗೆ ಕೂತ. ಕೆಟಲ್ ಅವನ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಬಿಸಿನೀರು ಅವನ ಭುಜಕ್ಕೆ ಸಿಡಿದು ಬೊಬ್ಬೆ ಎದ್ದಿತು. ಅವನು ಕಿರುಚುತ್ತ ಓಡಿದ, ಒಂದು ಚಪ್ಪಲಿ ನಮ್ಮ ಬಾಗಿಲಲ್ಲೇ ಉಳಿಯಿತು. ಗೋಡೆಯ ಗಾರೆ ಅಂಗೈಯಷ್ಟು ಕಿತ್ತುಬಂದಿದೆ. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಇರುವೆಗೂ ಏಟು ಹಾಕಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಕೂತು, "ಅವನ ಮುಖಕ್ಕೇ ಗುರಿಯಿಟ್ಟಿದ್ದೆ ಕಣ್ರೀ, ಗುರಿ ತಪ್ಪಿತು" ಎಂದಳು. ನಾನು ಪೊರಕೆ ತಂದು ಉದುರಿದ ಗಾರೆ ಗುಡಿಸಿದೆ.

ಆ ಬುಧವಾರದ ವಿಷಯವಾಗಿ ನೀನು ಪೊಲೀಸರಿಗೂ ಒಂದು ಮಾತು ಹೇಳಿಲ್ಲ, ವಕೀಲರಮ್ಮನಿಗೂ ಹೇಳಿಲ್ಲ. "ನಿಮ್ಮ ಮಗಳು ಊಟ, ಹವಾಮಾನ ಎಲ್ಲಾ ಮಾತಾಡ್ತಾರೆ. ಬುಧವಾರ ಅಂದ ತಕ್ಷಣ ಗೋಡೆ ನೋಡ್ತಾರೆ" ಎಂದು ಅವರು ತಲೆ ಚಚ್ಚಿಕೊಂಡರು. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ನಿನ್ನ ಶಾಲೆಯ ಆಯಮ್ಮ ಹೇಳಿದ್ದು, ಪ್ರೊಫೆಸರ್ ಹೇಳಿದ್ದು, ನನಗೆ ಮೊದಲೇ ಗೊತ್ತಿದ್ದದ್ದು ಮೂರನ್ನೂ ಸೇರಿಸಿ ಬರೆಯುತ್ತೇನೆ. ತಪ್ಪಿದ್ದರೆ ನನ್ನನ್ನು ತಿದ್ದು, ಮಕ್ಕಳ ಪಟ್ಟಿ ತಿದ್ದುವ ಹಾಗೆ ಕೆಂಪು ಶಾಯಿಯಲ್ಲೇ ತಿದ್ದು.

ಕುರ್ಚಿಯಿಂದಲೇ ಶುರು ಮಾಡಬೇಕು. ಪ್ರೊಫೆಸರ್ ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಬ್ಬಿಣ ಉಜ್ಜುವ ಅರ ಹಿಡಿಯಲು ಕಲಿತ ಹುಡುಗ. ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷ, ವರ್ಕ್‌ಶಾಪಿನ ಮೂಲೆಯ ಬೆಂಚು. ದೊಡ್ಡವರಾಗಿ, ಅದೇ ಕಾಲೇಜಿಗೆ ಪ್ರೊಫೆಸರ್ ಆದ ಮೇಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನಾನು ನಿವೃತ್ತನಾಗಿ ಮನೆಯಲ್ಲಿ ಬಾಗಿಲ ಕೀಲುಗಳಿಗೆ ಎಣ್ಣೆ ಬಿಡುತ್ತ ಕೂತಿದ್ದಾಗ ಸುರುಳಿ ಸುತ್ತಿದ ನಕ್ಷೆ ಹಿಡಿದು ಬಂದರು. ಬುದ್ಧಿಯ ಬೆಳವಣಿಗೆ ಬೇರೆ ಥರ ಇರುವ, ನಿನ್ನ ಶಾಲೆಯಲ್ಲಿರುವಂಥ ಮಕ್ಕಳು ಕ್ಲಾಸಿನಲ್ಲಿ ಎಷ್ಟು ಹೊತ್ತು ಗಮನವಿಟ್ಟು ಕೂರುತ್ತಾರೆ, ಯಾವಾಗ ಕೆರಳುತ್ತಾರೆ, ಇದನ್ನೆಲ್ಲ ಅಳೆಯುವ ಕುರ್ಚಿ. ಕೂತ ಮಗುವಿನ ನಾಡಿ, ಬೆವರು, ಮೈಯ ಅಲುಗಾಟ ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಮೂಡಬೇಕು. "ಮೇಷ್ಟ್ರೇ, ಈ ಕೆಲಸ ನಿಮ್ಮ ಕೈಯಿಂದಲೇ ಆಗ್ಬೇಕು" ಎಂದರು. ಅರವತ್ತೆಂಟು ವರ್ಷದವನಿಗೆ ಅಷ್ಟು ಸಾಕಾಗಿತ್ತು. ಮುಂಗೈಗೆ ಪಟ್ಟಿ ಯಾಕೆ ಎಂದು ಕೇಳಿದೆ. ಸೆನ್ಸರ್ ಜಾರಬಾರದು ಎಂದರು. ಪಟ್ಟಿಗಳೆಲ್ಲ ಸೇರುವ ಚಿಲಕ ಕುರ್ಚಿಯ ಹಿಂಬದಿಗೆ ಯಾಕೆ, ಅದಕ್ಕೆ ಕೀಲಿಕೈ ಯಾಕೆ ಎಂದೂ ಕೇಳಿದೆ. "ಮುಂದೆ ಇದ್ರೆ ಮಕ್ಕಳು ಬಿಚ್ಚಿಬಿಡ್ತಾರೆ ಮೇಷ್ಟ್ರೇ, ಅಳತೆಯೆಲ್ಲ ಹಾಳಾಗುತ್ತೆ." ನೀನೂ ಒಂದು ಸಂಜೆ ವರಾಂಡದಲ್ಲಿ ನಿಂತು, "ಬೆಲ್ಟ್ ಯಾಕಪ್ಪಾ?" ಎಂದು ಕೇಳಿದ್ದೆ. ಅವರು ನನಗೆ ಕೊಟ್ಟ ಉತ್ತರವನ್ನೇ ನಾನು ನಿನಗೆ ದಾಟಿಸಿದೆ. ಅಪ್ಪ ಹೇಳಿದ ಮೇಲೆ ಸರಿ ಎಂದು ನೀನು ಒಳಗೆ ಹೋದೆ. ಪಟ್ಟಿಗೆ ಒಳಗಡೆಯಿಂದ ಮೆತ್ತನೆಯ ಉಣ್ಣೆ ಹೊಲಿದೆ, ಚರ್ಮ ಉಜ್ಜಬಾರದು ಎಂದು. ಚಿಲಕವನ್ನು ಮೂರು ದಿನ ಅರದಿಂದ ತಿಕ್ಕಿ ಕೂದಲೆಳೆಯಷ್ಟೂ ಆಡದ ಹಾಗೆ ಕೂರಿಸಿದೆ. ಮೂರು ಕುರ್ಚಿ ಮಾಡಿದೆ ಮಗಳೇ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಮಾಡಿರಲಿಲ್ಲ.

ಗುಬ್ಬಿ ನಿನ್ನ ಕ್ಲಾಸಿಗೆ ಬಂದ ಹೊಸತರಲ್ಲಿ ನಿನ್ನ ಮೂಗು ಮುರಿದಳಲ್ಲ, ಆ ದಿನ ನನಗೆ ಚೆನ್ನಾಗಿ ನೆನಪಿದೆ. ಹತ್ತು ವರ್ಷದ, ಮಾತು ಬಾರದ, ಕಡ್ಡಿಯಂಥ ಹುಡುಗಿ. ತಲೆ ಹಿಂದಕ್ಕೆಳೆದು ಗುದ್ದಿದಳಂತೆ. ನಿನ್ನ ಸೀರೆಯ ಮುಂಭಾಗ ಪೂರ್ತಿ ರಕ್ತ. ಮುಂಗೈಯಲ್ಲಿ ಹಲ್ಲಿನ ಗುರುತು ಎರಡು ಸಾಲು. ನಿಮ್ಮಮ್ಮ ಆ ಕೆಲಸ ಬಿಟ್ಟುಬಿಡು ಎಂದು ಕೂಗಾಡಿದಳು. ನೀನು ಮೂಗಿಗೆ ಬಟ್ಟೆ ಒತ್ತಿಕೊಂಡೇ, "ಅವಳು ಹೊಡೆದಿದ್ದಲ್ಲಮ್ಮ, ಏನೋ ಹೇಳಿದ್ದು. ಏನು ಹೇಳಿದ್ಲು ಅಂತ ನನಗೆ ಅರ್ಥವಾಗಲಿಲ್ಲ, ಅಷ್ಟೇ" ಎಂದೆ. ಆಮೇಲೆ ಒಂದು ನೋಟುಪುಸ್ತಕ ಮಾಡಿಕೊಂಡೆ. ಗುಬ್ಬಿ ಕಚ್ಚುವ ಮುಂಚೆ ಏನಾಯಿತು, ಕಚ್ಚಿದ ಮೇಲೆ ಏನಾಯಿತು ಎಂದು ದಿನವೂ ಬರೆದೆ. ಮೂರು ವಾರಕ್ಕೆ ಗುಟ್ಟು ಸಿಕ್ಕಿತು: ಕಿಟಕಿ ಪಕ್ಕದ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ನಮ್ಮ ಕಿವಿಗೆ ಅದು ಏನೂ ಅಲ್ಲ, ಅವಳ ಕಿವಿಗೆ ಗರಗಸ. ನೀನು ಆ ಲೈಟು ತೆಗೆಸಿದೆ. "ಸಾಕು" ಎಂದು ಬರೆದ, ಅಡ್ಡ ಹಿಡಿದ ಅಂಗೈ ಚಿತ್ರದ ಹಳದಿ ಕಾರ್ಡೊಂದನ್ನು ಅವಳ ಕೈಗೆ ಕೊಟ್ಟು ಎಂಟು ತಿಂಗಳು ಅದೊಂದನ್ನೇ ಕಲಿಸಿದೆ. ಕಾರ್ಡು ತೋರಿಸಿದರೆ ಜಗತ್ತು ನಿಲ್ಲುತ್ತದೆ ಎಂದು ಅವಳಿಗೆ ನಂಬಿಕೆ ಬಂದ ಮೇಲೆ ಕಚ್ಚುವುದು ನಿಂತಿತು. ಅವಳು ಮೊದಲ ಸಲ ತಾನಾಗಿ ಕಾರ್ಡು ಎತ್ತಿದ ದಿನ ನೀನು ಮನೆಗೆ ಬಂದು ಕುಣಿದಿದ್ದೆ, ಮೂವತ್ತೈದು ವರ್ಷದ ಕತ್ತೆ.

ಈಗ ಆ ಬುಧವಾರಕ್ಕೆ ಬರುತ್ತೇನೆ. ನಿನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದ್ದರು. ಅದೇ ಎರಡು ದಿನಕ್ಕೆ ಪ್ರೊಫೆಸರ್ ಗುಬ್ಬಿಯ ಅಳತೆ ಗೊತ್ತುಮಾಡಿಕೊಂಡಿದ್ದರು. ಅವಳ ತಾಯಿಯಿಂದ ಸಹಿ ಮಾಡಿಸಿಕೊಂಡ ಕಾಗದದಲ್ಲಿ "ಕುರ್ಚಿಯಲ್ಲಿ ಕೂರಿಸಿ ನೋಡುವುದು" ಎಂದಷ್ಟೇ ಇತ್ತು. ತರಬೇತಿ ಬೇಗ ಮುಗಿದು ಮಧ್ಯಾಹ್ನಕ್ಕೇ ನೀನು ಶಾಲೆಗೆ ಬಂದೆ. ಆಯಮ್ಮ ಕಾರಿಡಾರಿನಲ್ಲಿ ಅಳುತ್ತ ನಿಂತಿದ್ದಳು. "ನಾನು ಬಾಗಿಲು ಬಡಿದೆ ಟೀಚರಮ್ಮ, ತೆಗೀಲಿಲ್ಲ" ಎಂದಳಂತೆ. ಬಾಗಿಲಿನ ಗಾಜಿನಲ್ಲಿ ನೀನು ನೋಡಿದೆ. ಕೋಣೆಯಲ್ಲಿ ನಾಲ್ಕು ಟ್ಯೂಬ್‌ಲೈಟು ಉರಿಯುತ್ತಿದ್ದವು. ಕೆರಳಿಸಿ, ಕೆರಳಿದ ಮಗು ತಾನಾಗಿ ತಣ್ಣಗಾಗಲು ಎಷ್ಟು ಹೊತ್ತು ಬೇಕು ಎಂಬುದೇ ಅಂದಿನ ಪ್ರಯೋಗ. ನಿನ್ನ ನೋಟುಪುಸ್ತಕ ಓದಿಯೇ ಅವರಿಗೆ ಲೈಟಿನ ವಿಷಯ ತಿಳಿದದ್ದು. ಗುಬ್ಬಿ ತನ್ನ ಕೆಳತುಟಿಯನ್ನು ಕಚ್ಚಿ ಹರಿದುಕೊಂಡಿದ್ದಳು. ಮುಂಗೈಗಳನ್ನು ಎಳೆದೆಳೆದು ಉಣ್ಣೆಯ ಒಳಪಟ್ಟಿ ಸವೆದು, ಅದರ ಕೆಳಗಿನ ತೊಗಲೂ ಸುಲಿದಿತ್ತು. ಹಳದಿ ಕಾರ್ಡು ಎರಡು ಮೊಳ ದೂರದ ಮೇಜಿನ ಮೇಲಿತ್ತು. ಅವಳ ಬೆರಳುಗಳು ಆ ಕಡೆಗೆ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವಂತೆ.

ನೀನು ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರ್ ಕಿತ್ತು ಗಾಜು ಒಡೆದೆ. ಒಳಗೆ ನುಗ್ಗಿ ಲೈಟು ಆರಿಸಿದೆ. ಚಿಲಕಕ್ಕೆ ಕೈ ಹಾಕಿದೆ. ಅದು ಬರಲಿಲ್ಲ. ಎರಡೂ ಕೈ ಹಾಕಿ ಎಳೆದೆ, ಉಗುರು ಕಿತ್ತುಬಂತು, ಚಿಲಕ ಬರಲಿಲ್ಲ. ಅದು ಬರದಂತೆ ಮಾಡಿದವನು ನಾನು. ಕೀಲಿಕೈ ಕೊಡಿ ಎಂದು ನೀನು ಕೂಗಿದೆ. ಪ್ರೊಫೆಸರ್ ಪರದೆಯಿಂದ ಕಣ್ಣು ತೆಗೆಯದೆ, "ಐದು ನಿಮಿಷ, ಐದೇ ನಿಮಿಷ, ನೋಡಿ ಗೆರೆ ಇಳೀತಿದೆ, ಶಾಂತ ಆಗ್ತಿದ್ದಾಳೆ" ಎಂದರು. ಗೆರೆ ಇಳಿಯುತ್ತಿದ್ದದ್ದು ನಿಜ. ಮಗುವಿಗೆ ಪ್ರಜ್ಞೆ ತಪ್ಪುತ್ತಿತ್ತು. ಆಗ ನೀನು ಸಿಲಿಂಡರ್ ಬೀಸಿದೆ. ಅವರ ದವಡೆ ಮುರಿಯಿತು, ಅವರು ಕೆಳಗೆ ಬಿದ್ದರು. ಅವರ ಜೇಬಿನಿಂದ ಕೀಲಿಕೈ ತೆಗೆದು ಗುಬ್ಬಿಯನ್ನು ಬಿಡಿಸಿ ಆಯಮ್ಮನ ತೋಳಿಗೆ ಹಾಕಿದೆ. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನೀನು ವಾಪಸು ಹೋದೆ. ಬಿದ್ದವರ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದೆ, ನಿನ್ನ ಕೈಮೂಳೆ ಲಟಕ್ ಎಂದು ಮುರಿದ ಮೇಲೂ ಗುದ್ದಿದೆ. ಆಯಮ್ಮ, "ಸಾಕು ಟೀಚರಮ್ಮ, ಸಾಕು" ಎಂದು ಕಿರುಚಿದ ಮೇಲೆ ನಿಲ್ಲಿಸಿದೆ.

ನಾನು ಆಸ್ಪತ್ರೆಗೆ ಹೋಗಿದ್ದೆ. ಅವರ ಎಡಗಣ್ಣು ಹೋಗಿದೆ. ದವಡೆಗೆ ತಂತಿ ಹಾಕಿದ್ದಾರೆ, ಹಲ್ಲುಕಚ್ಚಿಯೇ ಮಾತಾಡಬೇಕು. "ಗೆರೆ ಇಳೀತಿತ್ತು ಮೇಷ್ಟ್ರೇ" ಎಂದು ನನಗೂ ಅದನ್ನೇ ಹೇಳಿದರು. ಆ ಮನುಷ್ಯ ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೆರೆ ಬಿಟ್ಟು ಬೇರೇನೂ ಕಂಡಿರಲೇ ಇಲ್ಲ. ಹೊರಗೆ ಬಂದಾಗ ಅವರ ಹೆಂಡತಿ ನನ್ನ ಕೆನ್ನೆಗೆ ಬಾರಿಸಿದರು. ಒಂದಲ್ಲ, ಮೂರು. ನಾನು ಅಲ್ಲಾಡದೆ ನಿಂತೆ. ಅವರಿಗೂ ಇಬ್ಬರು ಹೆಣ್ಣುಮಕ್ಕಳು, ಗೋಡೆಗೆ ಒರಗಿ ನೋಡುತ್ತಿದ್ದರು. ಮಗಳೇ, ನಿನ್ನ ಮೊದಲ ಏಟು ಕೀಲಿಕೈಗಾಗಿ ಎಂದು ನಾನು ಯಾರ ಮುಂದೆಯಾದರೂ ಹೇಳುತ್ತೇನೆ. ಮಿಕ್ಕವು ಯಾತಕ್ಕೆ ಎನ್ನುವುದನ್ನು ನೀನೇ ಹೇಳಬೇಕು. ಆ ಕಣ್ಣು ಹೋದದ್ದು ಮಿಕ್ಕವುಗಳಿಂದ. ಇದನ್ನು ಬರೆಯಬೇಡಿ ಎಂದಳು ನಿಮ್ಮಮ್ಮ. ಬರೆಯದೆ ಇರಲಾರೆ.

ಹೋದ ವಾರ ಆಯಮ್ಮ ಮನೆಗೆ ಓಡಿಬಂದು, "ಇನ್ನೆರಡು ಕುರ್ಚಿ ಇದ್ವಲ್ಲ ಮೇಷ್ಟ್ರೇ, ಒಂದನ್ನ ಪಕ್ಕದ ಕ್ಲಾಸಿಗೆ ಹಾಕಿದಾರೆ. ನಿನ್ನೆ ಯಾರನ್ನೋ ಕೂರಿಸಿದ್ರು" ಎಂದಳು. ನಾನು ಚೀಲಕ್ಕೆ ಸುತ್ತಿಗೆ, ಗರಗಸ ಹಾಕಿಕೊಂಡು ಹೋದೆ. ಊಟದ ಬಿಡುವು, ಕ್ಲಾಸು ಖಾಲಿ. ಒಡೆಯುವ ಮೊದಲು ಒಂದು ಸಲ ಕೂತು ನೋಡಬೇಕು ಎನ್ನಿಸಿತು. ಆಯಮ್ಮ ಬೇಡ ಬೇಡ ಎಂದರೂ ನನ್ನಲ್ಲಿ ಉಳಿದಿದ್ದ ಕೀಲಿಕೈಯನ್ನು ಅವಳಿಗೆ ಕೊಟ್ಟು, ಪಟ್ಟಿ ಕಟ್ಟಿಸಿಕೊಂಡು ಚಿಲಕ ಹಾಕಿಸಿದೆ. ಗುಬ್ಬಿ ಕೂತಷ್ಟೇ ಹೊತ್ತು, ನಲವತ್ತು ನಿಮಿಷ, ನಾನು ಏನು ಹೇಳಿದರೂ ಬಿಡಿಸಬೇಡ ಎಂದೆ. ಐದನೇ ನಿಮಿಷಕ್ಕೆ ಮೂಗು ಕೆರೆಯಿತು. ಹನ್ನೆರಡಕ್ಕೆ ಭುಜ ಹಿಡಿಯಿತು. ಹದಿನೆಂಟಕ್ಕೆ ತಮಾಷೆ ಸಾಕು, ಬಿಚ್ಚಮ್ಮ ಎಂದೆ, ಅವಳು ಬಿಚ್ಚಲಿಲ್ಲ. ಇಪ್ಪತ್ತಮೂರನೇ ನಿಮಿಷಕ್ಕೆ ಆ ಒಳ್ಳೆಯ ಹೆಂಗಸನ್ನು ಹುಟ್ಟಿದಾಗಿನಿಂದ ಯಾರಿಗೂ ಬೈಯದ ಮಾತಿನಲ್ಲಿ ಬೈದೆ. ಅವಳು ಕಿವಿ ಮುಚ್ಚಿಕೊಂಡು ಬಿಚ್ಚಿಬಿಟ್ಟಳು. ನನಗೆ ಗೊತ್ತಿತ್ತು, ಬಿಚ್ಚುವವರು ಎದುರಿಗೇ ಇದ್ದಾರೆ ಎಂದು. ಆ ಮಗುವಿಗೆ ಅದೂ ಗೊತ್ತಿರಲಿಲ್ಲ. ಎದ್ದವನೇ ಸುತ್ತಿಗೆ ತೆಗೆದುಕೊಂಡೆ. ಬೆನ್ನು, ಕಾಲು, ತೋಳು ಯಾವುದನ್ನೂ ಬಿಡಲಿಲ್ಲ. ಮೂಲೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನೂ ಬಿಡಲಿಲ್ಲ. ಕಬ್ಬಿಣದ ಚೂರು ಸಿಡಿದು ಹಣೆ ಸೀಳಿತು, ರಕ್ತ ಕಣ್ಣಿಗಿಳಿಯಿತು, ಆದರೂ ಬಡಿದೆ. ಚಿಲಕ ಮಾತ್ರ ಕೊನೆಯ ತನಕ ಬಾಗಲಿಲ್ಲ, ಗರಗಸದಲ್ಲಿ ಕೊಯ್ಯಬೇಕಾಯಿತು. ಅಷ್ಟರಲ್ಲಿ ಕಾವಲುಗಾರ ಬಂದು ಹಿಂದಿನಿಂದ ಹಿಡಿದು ನೆಲಕ್ಕೆ ಕೆಡವಿದ. ಹಲ್ಲು ಹೋದದ್ದು ಆಗ. ಪಾಪ, ಅವನೇ ನೀರು ತಂದುಕೊಟ್ಟು, ಹಲ್ಲನ್ನು ಹುಡುಕಿ ಕಾಗದದಲ್ಲಿ ಕಟ್ಟಿಕೊಟ್ಟ.

ಗುಬ್ಬಿಯ ಮನೆಗೂ ಹೋಗಿದ್ದೆ. ತುಟಿ, ಕೈ ಮಾಯ್ದಿವೆ. ಆದರೆ ಕಾರ್ಡುಗಳನ್ನೆಲ್ಲ ಕಿಟಕಿಯಿಂದ ಎಸೆದಿದ್ದಾಳೆ. ಮತ್ತೆ ಕಚ್ಚುತ್ತಾಳೆ, ತಾಯಿಯ ಕಣ್ಣಿನ ಕೆಳಗೆ ನೀಲಿಗಟ್ಟಿತ್ತು. ನಾನು ಹತ್ತಿರ ಕೂತ ತಕ್ಷಣ ನನ್ನ ಮುಂಗೈಗೆ ಬಾಯಿ ಹಾಕಿದಳು. ನೀನು ಹೇಳಿಕೊಟ್ಟಿದ್ದು ಜ್ಞಾಪಕ ಬಂತು: ಎಳೆದುಕೊಳ್ಳಬಾರದು, ಎಳೆದರೆ ಮಾಂಸ ಹರಿಯುತ್ತದೆ, ಕೈಯನ್ನು ಬಾಯಿಯ ಕಡೆಗೇ ಮೆಲ್ಲಗೆ ಒತ್ತಬೇಕು. ಒತ್ತಿ ಹಿಡಿದು, ಉಸಿರು ಎಣಿಸುತ್ತ ಕೂತೆ. ಬಿಟ್ಟಳು. ಬಿಟ್ಟು ನನ್ನ ಕೈಯಲ್ಲಿದ್ದ ಗುರುತನ್ನು ನೋಡುತ್ತ ಕೂತಳು. "ಟೀಚರಮ್ಮ ಯಾವಾಗ ಬರ್ತಾರೆ?" ಎಂದು ಅವಳ ತಾಯಿ ಕೇಳಿದರು. ಬರ್ತಾಳೆ ಎಂದೆ.

ಸೋಮವಾರ ಗುಮಾಸ್ತ ಮತ್ತೆ ಬಂದ, ಈ ಸಲ ಬಾಗಿಲ ಹೊರಗೇ ನಿಂತ. ಹೊಸ ಕಾಗದ. ಅದರಲ್ಲಿ ನಿನ್ನ ತಪ್ಪೊಪ್ಪಿಗೆ ಇಲ್ಲ, ನನ್ನದಿದೆ. ನಕ್ಷೆಯಲ್ಲಿ ಚಿಲಕ ಮುಂದುಗಡೆ, ಮಗುವಿನ ಕೈಗೆ ಸಿಗುವಂತೆ ಇತ್ತು, ಕುರ್ಚಿ ಮಾಡಿದವನು ಸ್ವಂತ ಬುದ್ಧಿಯಿಂದ ಹಿಂದಕ್ಕೆ ಹಾಕಿದ, ಸಂಶೋಧಕರಿಗೆ ಇದು ತಿಳಿದಿರಲಿಲ್ಲ ಎಂದು ನಾನು ಸಹಿ ಮಾಡಬೇಕು. ಮಾಡಿದರೆ, ಗಾಜಿನ ಮೇಲೆ ತಾವೇ ಎಡವಿ ಬಿದ್ದದ್ದು ಎಂದು ಪ್ರೊಫೆಸರ್ ಹೇಳಿಕೆ ಕೊಡುತ್ತಾರಂತೆ. ನನ್ನ ಸುತ್ತಿಗೆಯ ಕೇಸೂ ಇರುವುದಿಲ್ಲ. ತಿಂಗಳೊಳಗೆ ನೀನು ಮನೆಗೆ. ನಲವತ್ತು ಹೊಸ ಕುರ್ಚಿಗೆ ಬೇರೆ ಬೇರೆ ಶಾಲೆಗಳಿಂದ ಬೇಡಿಕೆ ಬಂದಿದೆಯಂತೆ, ಅದಕ್ಕೇ ಅವಸರ. ನಿಮ್ಮಮ್ಮ ಈ ಸಲ ಅವನನ್ನು ಒಳಗೆ ಕರೆದು ಟೀ ಕೊಟ್ಟಳು, ಭುಜ ವಾಸಿಯಾಯಿತೇ ಎಂದು ವಿಚಾರಿಸಿದಳು. ಅವನು ಹೋದ ಮೇಲೆ ನನ್ನ ಮುಂದೆ ಪೆನ್ನು ಇಟ್ಟಳು. "ನಿಮ್ಮ ಹೆಸರಿಗೆ ಒಂದು ಮಸಿ ಅಂಟಿದ್ರೆ ಏನ್ರೀ ಹೋಯ್ತು? ಮಗಳು ಬರ್ತಾಳಲ್ಲ" ಎಂದಳು. ಕನ್ನಡಕ ಹಾಕಿಕೊಂಡು ಸರಿಯಾಗಿ ಓದುತ್ತೇನೆ ಎಂದೆ. ಅಂದಿನಿಂದ ಕಾಗದ ರೇಡಿಯೋ ಕೆಳಗಿದೆ. ಆಕೆ ದಿನಕ್ಕೆರಡು ಸಲ ರೇಡಿಯೋ ಎತ್ತಿ ನೋಡುತ್ತಾಳೆ.

ಹೊತ್ತಾಯಿತು. ಆಯಮ್ಮ ನಿನಗೆ ನಮಸ್ಕಾರ ಹೇಳಿದ್ದಾಳೆ, ನಿನ್ನ ಕ್ಲಾಸಿನ ಗಿಡಗಳಿಗೆ ನೀರು ಹಾಕುತ್ತಿದ್ದಾಳಂತೆ. ನಿಮ್ಮಮ್ಮ ಎರಡು ಜೊತೆ ಬಟ್ಟೆ ಕಳಿಸಿದ್ದಾಳೆ, ಗುಂಡಿ ಬದಲು ಮುಂದುಗಡೆ ದಾರ ಕಟ್ಟಿಕೊಳ್ಳುವ ಹಾಗೆ ಹೊಲಿದಿದ್ದಾಳೆ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. ಹೊಟ್ಟೆ ತುಂಬ ಉಣ್ಣು. ನಿನ್ನ ಮೈಮನಸ್ಸು ಗಟ್ಟಿಯಾಗಿರಲಿ, ಮುರಿದದ್ದೆಲ್ಲ ನೆಟ್ಟಗೆ ಕೂಡಿಕೊಳ್ಳಲಿ ಎಂದು ನಮ್ಮಿಬ್ಬರ ಹಾರೈಕೆ.

ನಿನ್ನ
ಅಪ್ಪ

ಮತ್ತೆ: ನಿಮ್ಮಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ನಾನು ಸಹಿ ಮಾಡುವುದಿಲ್ಲ. ಹಳೆಯ ಅಭ್ಯಾಸ, ಮಾಡಿದ ಕೆಲಸದ ನಕ್ಷೆ ನಾನು ಎಸೆಯುವುದಿಲ್ಲ. ಮಂಗಳವಾರವೇ ಅದನ್ನು ಕೋರ್ಟಿಗೆ ಕೊಟ್ಟು ಬಂದೆ. ಚಿಲಕದ ಪಕ್ಕದಲ್ಲಿ ಪ್ರೊಫೆಸರ್ ಕೈಬರಹದಲ್ಲೇ "ಮಗುವಿನ ಕೈಗೆ ಸಿಗಬಾರದು" ಎಂದಿದೆ. ಅದರ ಕೆಳಗೆ "ನೋಡಿದೆ, ಮಾಡಬಹುದು" ಎಂದು ನನ್ನ ಸಹಿಯೂ ಇದೆ. ಅಷ್ಟನ್ನು ಕತ್ತರಿಸಿ ಕೊಡಬಹುದಿತ್ತು, ಕತ್ತರಿಸಲಿಲ್ಲ. ನಲವತ್ತು ಕುರ್ಚಿಯ ಕೆಲಸಕ್ಕೆ ತಡೆ ಬಿದ್ದಿದೆ. ಆದರೆ ಅವರು ಇನ್ನು ರಾಜಿಗೆ ಬರುವುದಿಲ್ಲ. ನೀನು ಎರಡು ವರ್ಷವಾದರೂ ಒಳಗಿರಬೇಕಾಗಬಹುದು ಎಂದರು ವಕೀಲರಮ್ಮ. ನಿನ್ನನ್ನು ಕೇಳದೆ ನಿನ್ನ ಎರಡು ವರ್ಷ ಕೊಟ್ಟುಬಿಟ್ಟೆ. ನೀನು ಬಾಯಿ ಬಿಟ್ಟರೆ ಚಿಲಕದ ಮಾತು ಬರುತ್ತದೆ, ಚಿಲಕದ ಮಾತು ಬಂದರೆ ಅಪ್ಪನ ಹೆಸರು ಬರುತ್ತದೆ, ಅದಕ್ಕೇ ನೀನು ಗೋಡೆ ನೋಡುತ್ತಿರುವುದು ಎಂದು ನನಗೆ ತಿಳಿಯದೇ? ಹೆಸರು ಬಂದಾಯಿತು, ನಾನೇ ಬರೆಸಿ ಬಂದೆ. ಇನ್ನು ನೀನು ಮುಚ್ಚಿಡಬೇಕಾದದ್ದು ಏನೂ ಇಲ್ಲ. ಎಲ್ಲವನ್ನೂ ಹೇಳು, ಆ ಮಿಕ್ಕ ಏಟುಗಳ ಸಮೇತ. ನನ್ನ ಮೇಲೆ ಸಿಟ್ಟು ಬಂದರೆ ಬೈದು ಬರೆ, ಆದರೆ ಬರೆ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಹೋಗಿ ಹೇಳುತ್ತೇನೆ.